‘.ಮ್ಯೂಸಿಯಂ’: ಒಂದು ಬಿರುದಿನ ಚರಿತ್ರೆ

ಅಂತರಜಾಲದ ಹೆಸರುಗಳ ಚರಿತ್ರೆ ನಾಲ್ಕು ದಶಕಗಳಷ್ಟು ಮಾತ್ರ ಹಳೆಯದು. ಇಷ್ಟು ಕಿರಿದಾದ ಅವಧಿಯಲ್ಲಿಯೂ ವಿದ್ವಾಂಸರ ಗಮನಕ್ಕೆ ಅರ್ಹವಾದ ಕೆಲವು ಪ್ರಸಂಗಗಳು ನಡೆದಿವೆ. ಅವುಗಳಲ್ಲಿ ‘.ಮ್ಯೂಸಿಯಂ’ ಎಂಬ ಹೆಸರಿನ ಪ್ರಸಂಗವೂ ಒಂದು. ಹಣ ತೆತ್ತವರಿಗೆಲ್ಲ ಹೆಸರನ್ನು ಮಾರುವ ಪೇಟೆಯ ನಡುವೆ, ಅರ್ಹತೆಯನ್ನು ಪರಿಶೀಲಿಸಿದ ಮೇಲಷ್ಟೇ ಕೊಡುವ ಒಂದು ಹೆಸರು ಇರಬೇಕೆಂದು ಜಗತ್ತಿನ ವಸ್ತುಸಂಗ್ರಹಾಲಯಗಳು ಬಯಸಿದವು, ಅದನ್ನು ಪಡೆದವು, ಹದಿನೇಳು ವರ್ಷಗಳ ತರುವಾಯ ಆ ಬಾಗಿಲನ್ನು ತಾವೇ ಸಡಿಲಗೊಳಿಸಿದವು. ತಾಂತ್ರಿಕ ವಿವರವೆಂದು ಬದಿಗಿಡಬಹುದಾದ ಈ ಸಂಗತಿಯ ಒಳಗೆ, ವಸ್ತುಸಂಗ್ರಹಾಲಯವೆಂದರೆ ಯಾವುದು, ಹಾಗೆಂದು ಹೇಳುವ ಅಧಿಕಾರ ಯಾರದು ಎಂಬ ಹಳೆಯ ವಿವಾದ ಅಡಗಿದೆ.

ಮೊದಲು ಹೆಸರಿನ ರಚನೆಯನ್ನು ತಿಳಿಯುವುದು ಅಗತ್ಯ. ಕನ್ನಡದ ಚಂಪೂಕಾವ್ಯಗಳಲ್ಲಿಯೂ ಹಲವು ಶಾಸನಗಳಲ್ಲಿಯೂ ಸ್ಥಳವರ್ಣನೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ: ಜಂಬೂದ್ವೀಪ, ಅದರೊಳಗೆ ಭರತಕ್ಷೇತ್ರ, ಅದರೊಳಗೆ ನಾಡು, ನಾಡಿನೊಳಗೆ ಊರು. ಅಂತರಜಾಲದ ವಿಳಾಸವನ್ನು ಕಂಪ್ಯೂಟರು ಹುಡುಕುವ ಕ್ರಮವೂ ಇದೇ. ಮನುಷ್ಯರು ವಿಳಾಸವನ್ನು ಎಡದಿಂದ ಬಲಕ್ಕೆ ಓದುತ್ತಾರೆ. ಯಂತ್ರ ಬಲತುದಿಯಿಂದ ಆರಂಭಿಸುತ್ತದೆ. ಮೊದಲು ಮೂಲವಲಯವನ್ನು ಕೇಳಿ, ಅಲ್ಲಿಂದ ಕೊನೆಯ ಚುಕ್ಕಿಯ ಬಲಕ್ಕಿರುವ ಪದದ ಯಜಮಾನರನ್ನು ತಿಳಿದು, ಅವರಿಂದ ಅದರ ಎಡಕ್ಕಿರುವ ಪದದ ಒಡೆಯರನ್ನು ತಿಳಿದು ಹೀಗೆ ಇಳಿಯುತ್ತದೆ. ಆ ಬಲತುದಿಯ ಪದಕ್ಕೆ ಉನ್ನತ ಹಂತದ ಡೊಮೇನ್ ಎಂದು ಹೆಸರು. ಅದರ ಯಜಮಾನಿಕೆ ಯಾರ ಕೈಯಲ್ಲಿದೆಯೋ ಅವರೇ ಅದರ ಕೆಳಗಿನ ಹೆಸರುಗಳಿಗೆ ನಿಯಮ ಹಾಕುತ್ತಾರೆ.

ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಈ ವ್ಯವಸ್ಥೆಯನ್ನು ರೂಪಿಸಿದರು. ಮರುವರ್ಷ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಮೊದಲ ಉನ್ನತ ಡೊಮೇನುಗಳನ್ನು ಸೂಚಿಸಿದರು. ವ್ಯಾಪಾರಕ್ಕೆ ‘.ಕಾಂ’, ಶಿಕ್ಷಣಕ್ಕೆ ‘.ಎಡು’, ಅಮೆರಿಕದ ಸರ್ಕಾರಕ್ಕೆ ‘.ಗವ್’, ಅಲ್ಲಿನ ಸೇನೆಗೆ ‘.ಮಿಲ್’, ಇವು ಯಾವುದಕ್ಕೂ ಸೇರದವರಿಗೆ ‘.ಆರ್ಗ್’. ಪೋಸ್ಟೆಲ್ 1994ರಲ್ಲಿ ಈ ವಿಂಗಡಣೆಯನ್ನು ಮತ್ತೆ ಬರೆದಿಟ್ಟಾಗ, ಹೊಸ ಸಾಮಾನ್ಯ ಡೊಮೇನುಗಳು ಬರುವ ಸಂಭವ ಬಹಳ ಕಡಿಮೆ ಎಂದೇ ಭಾವಿಸಿದ್ದರು. ಈ ವಿಂಗಡಣೆಯಲ್ಲಿ ವಸ್ತುಸಂಗ್ರಹಾಲಯಕ್ಕೆ ಸ್ಥಳವಿರಲಿಲ್ಲ. ಅದು ವ್ಯಾಪಾರವಲ್ಲ, ಕಲಿಸುತ್ತದೆ, ಆದರೆ ಕಾಲೇಜಲ್ಲ, ಎಷ್ಟೋ ಕಡೆ ಸರ್ಕಾರದ್ದು, ಆದರೆ ಸರ್ಕಾರವಲ್ಲ. ಆದ್ದರಿಂದ ಪ್ರತಿಯೊಂದು ಸಂಸ್ಥೆಯೂ ಸಿಕ್ಕ ನೆರಳಿನಲ್ಲಿ ನಿಂತಿತು. ಸ್ಮಿತ್‌ಸೋನಿಯನ್ ಮತ್ತು ಗೆಟ್ಟಿ ಸಂಸ್ಥೆಗಳು ‘.ಎಡು’ ಹಿಡಿದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ‘.ಆರ್ಗ್’ ಅಡಿಯಲ್ಲಿ ಸೇರಿತು. ಲೂವ್ರ್ ಫ್ರಾನ್ಸಿನ ‘.ಎಫ್‌ಆರ್’ಗೆ ಹೋಯಿತು. ಬ್ರಿಟಿಷ್ ಮ್ಯೂಸಿಯಂ ಬಹುಕಾಲ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಮೀಸಲಾದ ‘.ಎಸಿ.ಯುಕೆ’ಯ ಅಡಿಯಲ್ಲಿತ್ತು. 1753ರಲ್ಲಿ ಸ್ಥಾಪನೆಯಾದ, ಆಧುನಿಕ ವಸ್ತುಸಂಗ್ರಹಾಲಯಕ್ಕೆ ಮಾದರಿ ಹಾಕಿದ ಸಂಸ್ಥೆಯೊಂದು ತನ್ನ ವಿಳಾಸದ ಮಟ್ಟಿಗೆ ವಿಶ್ವವಿದ್ಯಾಲಯದ ಬಿಡಾರದಲ್ಲಿ ಇಳಿದುಕೊಂಡಿತ್ತು.

ಆ ದಿನಗಳಲ್ಲಿ ಹುಡುಕುಯಂತ್ರಗಳು ಇಂದಿನಷ್ಟು ಸಮರ್ಥವಾಗಿರಲಿಲ್ಲ. ಯಾವ ತಾಣ ನಿಜವಾದ ವಸ್ತುಸಂಗ್ರಹಾಲಯದ್ದು, ಯಾವುದು ಆ ಹೆಸರನ್ನು ಹೊತ್ತ ಅಂಗಡಿಯದು ಎಂದು ತಿಳಿಯಲು ಓದುಗನಿಗೆ ಪಟ್ಟಿಗಳೇ ಆಧಾರ. ಆಕ್ಸ್‌ಫರ್ಡಿನಲ್ಲಿದ್ದ ಜೊನಾಥನ್ ಬೋವೆನ್ 1994ರಲ್ಲಿ ಅಂತರಜಾಲದಲ್ಲಿರುವ ವಸ್ತುಸಂಗ್ರಹಾಲಯಗಳ ಒಂದು ಸೂಚಿಯನ್ನು ಆರಂಭಿಸಿದರು. ಮುಂದೆ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಅದಕ್ಕೆ ಆಶ್ರಯ ನೀಡಿತು. ಐಕಾಮ್ ಎಂದು ಕರೆಯಲಾಗುವ, ಪ್ಯಾರಿಸ್ಸಿನಲ್ಲಿ ನೆಲೆಸಿರುವ ಈ ಮಂಡಳಿಯ ಹೆಸರು ಮುಂದೆ ಹಲವು ಸಲ ಬರಲಿದೆ. ಕೈಯಿಂದ ಕಟ್ಟಿದ ಪಟ್ಟಿಗೆ ಒಂದು ಮಿತಿಯಿದೆ: ಅದು ತಾಣದ ಹೊರಗಿರುತ್ತದೆ, ಓದುಗ ಅದನ್ನು ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಮಾಣ ವಿಳಾಸದ ಒಳಗೇ ಇರುವುದಾದರೆ? ‘.ಮ್ಯೂಸಿಯಂ’ ಹುಟ್ಟಿದ್ದು ಈ ಆಲೋಚನೆಯಿಂದ.

ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳಲೆಂದು 1998ರಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆ 2000ದಲ್ಲಿ ಹೊಸ ಉನ್ನತ ಡೊಮೇನುಗಳಿಗೆ ಅರ್ಜಿ ಕರೆಯಿತು. ಅರ್ಜಿಯ ಶುಲ್ಕ 50,000 ಡಾಲರ್, ಹಿಂತಿರುಗಿಸುವಂತಿಲ್ಲ. ನಲವತ್ತಕ್ಕೂ ಹೆಚ್ಚು ಅರ್ಜಿಗಳು ಬಂದವು. ಕ್ಯಾಲಿಫೋರ್ನಿಯಾದ ಮರೀನಾ ಡೆಲ್ ರೇಯಲ್ಲಿ ನವೆಂಬರ್ 16ರಂದು ನಡೆದ ಸಭೆಯಲ್ಲಿ ಏಳು ಹೆಸರುಗಳು ಆಯ್ಕೆಯಾದವು. ಅವುಗಳಲ್ಲಿ ‘.ಬಿಜ್’, ‘.ಇನ್ಫೋ’, ‘.ನೇಮ್’, ‘.ಪ್ರೊ’ ಎಂಬ ನಾಲ್ಕು ಒಂದು ಬಗೆಯವು. ವಿಮಾನಯಾನದ ‘.ಏರೋ’, ಸಹಕಾರಿ ಸಂಘಗಳ ‘.ಕೋಪ್’ ಹಾಗೂ ‘.ಮ್ಯೂಸಿಯಂ’ ಮತ್ತೊಂದು ಬಗೆಯವು. ಈ ಮೂರಕ್ಕೆ ಪ್ರಾಯೋಜಿತ ಡೊಮೇನ್ ಎಂದು ಹೆಸರು: ಒಂದು ನಿರ್ದಿಷ್ಟ ಸಮುದಾಯದ ಪರವಾಗಿ ಒಂದು ಸಂಸ್ಥೆ ನಿಯಮಗಳನ್ನು ರೂಪಿಸಿ ನಡೆಸತಕ್ಕದ್ದು. ಐಕಾಮ್ ಮತ್ತು ಅಮೆರಿಕದ ಗೆಟ್ಟಿ ಪ್ರತಿಷ್ಠಾನ ಸೇರಿ 2001ರಲ್ಲಿ ಇದಕ್ಕಾಗಿ ಮ್ಯೂಸ್‌ಡೋಮಾ ಎಂಬ ಸಂಘವನ್ನು ಕಟ್ಟಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ‘.ಮ್ಯೂಸಿಯಂ’ ಮೂಲವಲಯವನ್ನು ಸೇರಿತು.

ಸಂಘದ ಅಧ್ಯಕ್ಷರಾದವರು ಸ್ಟಾಕ್‌ಹೋಮಿನ ಸ್ವೀಡಿಷ್ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ಕ್ಯಾರಿ ಕಾರ್ಪ್. ಯಂತ್ರವನ್ನು ಬಲ್ಲವರು ವಸ್ತುಸಂಗ್ರಹಾಲಯವನ್ನು ಅರಿಯದ, ವಸ್ತುಸಂಗ್ರಹಾಲಯವನ್ನು ಬಲ್ಲವರು ಯಂತ್ರಕ್ಕೆ ಹೆದರುವ ಕಾಲದಲ್ಲಿ ಎರಡರಲ್ಲಿಯೂ ನಿಂತು ಮಾತನಾಡಬಲ್ಲ ಅಪರೂಪದ ವ್ಯಕ್ತಿ ಅವರು. ಅವರ ಇನ್ನೊಂದು ಕೆಲಸವನ್ನು ಮುಂದೆ ಪ್ರಸ್ತಾಪಿಸಬೇಕಾಗಿದೆ.

ಹೆಸರನ್ನು ನೋಂದಾಯಿಸುವ ವಿಧಾನ ಹೀಗಿತ್ತು. ‘.ಕಾಂ’ ಬೇಕಾದವನು ನೋಂದಣಿದಾರನ ಬಳಿಗೆ ಹೋಗಿ ಹಣ ಕೊಟ್ಟರೆ ಮುಗಿಯಿತು. ‘.ಮ್ಯೂಸಿಯಂ’ ಬೇಕಾದ ಸಂಸ್ಥೆ ಮೊದಲು ತಾನು ವಸ್ತುಸಂಗ್ರಹಾಲಯವೆಂಬುದನ್ನು ತೋರಿಸಿಕೊಡಬೇಕು. ಅರ್ಹತೆ ಒಪ್ಪಿತವಾದ ಮೇಲೆ ಒಂದು ಗುರುತಿನ ಸಂಖ್ಯೆ ದೊರೆಯುತ್ತದೆ. ಅದನ್ನು ಹಿಡಿದು ನೋಂದಣಿದಾರನ ಬಳಿಗೆ ಹೋಗಬೇಕು. ಅರ್ಹತೆಯ ಅಳತೆಗೋಲು ಐಕಾಮ್‌ನ ವ್ಯಾಖ್ಯೆ. ಲಾಭದ ಉದ್ದೇಶವಿಲ್ಲದ, ಸ್ಥಾಯಿಯಾದ, ಸಮಾಜದ ಸೇವೆಯಲ್ಲಿರುವ, ಸಾರ್ವಜನಿಕರಿಗೆ ತೆರೆದಿರುವ ಸಂಸ್ಥೆಯಾಗಿದ್ದು, ಸಂಗ್ರಹಿಸಿ, ಸಂರಕ್ಷಿಸಿ, ಸಂಶೋಧಿಸಿ, ಪ್ರದರ್ಶಿಸುವಂಥದು ವಸ್ತುಸಂಗ್ರಹಾಲಯ ಎಂಬುದು ಆ ವ್ಯಾಖ್ಯೆಯ ತಿರುಳು.

ಇದನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಬಿರುದಿನ ಪರಂಪರೆಯೊಂದಿಗೆ ಹೋಲಿಸಿ ನೋಡಬಹುದು. ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ದೊರೆತುದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ. ರನ್ನನಿಗೆ ‘ಕವಿಚಕ್ರವರ್ತಿ’ ಎಂಬುದು ದೊರೆತುದು ಚಾಲುಕ್ಯ ತೈಲಪನಿಂದ. ಬಿರುದಿನ ತೂಕ ಅದನ್ನು ಧರಿಸಿದವನಲ್ಲಿ ಎಷ್ಟಿದೆಯೋ ಕೊಟ್ಟವನಲ್ಲಿಯೂ ಅಷ್ಟೇ ಇದೆ. ತನಗೆ ತಾನೇ ಬಿರುದು ಕಟ್ಟಿಕೊಂಡವರೂ ಚರಿತ್ರೆಯಲ್ಲಿ ಕಡಿಮೆಯಿಲ್ಲ, ‘.ಕಾಂ’ ಅಡಿಯಲ್ಲಿ ‘ಮ್ಯೂಸಿಯಂ’ ಎಂಬ ಪದವನ್ನು ಸೇರಿಸಿ ಕೊಂಡುಕೊಂಡ ಹೆಸರು ಅಂತಹದು. ಮ್ಯೂಸ್‌ಡೋಮಾ ಬಯಸಿದ್ದು ಕೊಡುವವರ ಹೆಸರಿನಿಂದ ಬೆಲೆ ಪಡೆಯುವ ಬಿರುದನ್ನು.

ಅರ್ಹತೆಯ ಜೊತೆಗೆ ವರ್ಗೀಕರಣವೂ ಬಂತು. ಆರಂಭದ ನೀತಿಯಲ್ಲಿ ಹೆಸರುಗಳು ಸಾಮಾನ್ಯವಾಗಿ ಮೂರನೆಯ ಹಂತದಲ್ಲಿ ಇರಬೇಕಾಗಿತ್ತು: ಬಲತುದಿಯಲ್ಲಿ ‘ಮ್ಯೂಸಿಯಂ’, ಅದರ ಎಡಕ್ಕೆ ವಿಷಯ ಅಥವಾ ಊರು, ಅದರ ಎಡಕ್ಕೆ ಸಂಸ್ಥೆಯ ಹೆಸರು. ಕೃಷಿ, ಸಸ್ಯಶಾಸ್ತ್ರ, ರೈಲ್ವೆ, ಅಂಚೆಚೀಟಿ, ಗಡಿಯಾರ. ಬರ್ಲಿನ್, ಸ್ಟಾಕ್‌ಹೋಮ್, ನ್ಯೂಯಾರ್ಕ್ ಹೀಗೆ ನೂರಾರು ಎರಡನೆಯ ಹಂತದ ಪದಗಳು ಸಿದ್ಧವಾದವು. ಹೀಬ್ರೂ ಲಿಪಿಯಲ್ಲಿ ಬರೆದ ಜೆರುಸಲೇಮ್ ಎಂಬ ಪದವೂ ರಷ್ಯನ್ ಲಿಪಿಯ ಐಕಾಮ್ ಎಂಬ ಪದವೂ ಅವುಗಳಲ್ಲಿದ್ದವು. ಇದು ಗ್ರಂಥಾಲಯದ ವರ್ಗೀಕರಣವನ್ನು ವಿಳಾಸದ ಮೇಲೆ ಹೇರಿದ ಪ್ರಯತ್ನ. ಸುಂದರವಾದ ಆಲೋಚನೆ, ನಿಜ; ಆದರೆ ಗ್ರಂಥಾಲಯದ ವರ್ಗಸಂಖ್ಯೆಯನ್ನು ಓದುಗ ಬಾಯಿಪಾಠ ಮಾಡಬೇಕಾಗಿಲ್ಲ, ವಿಳಾಸವನ್ನು ಮಾಡಬೇಕು. ಚಿಕ್ಕ ‘.ಆರ್ಗ್’ ಹೆಸರಿನಿಂದ ಪ್ರಸಿದ್ಧವಾಗಿದ್ದ ಸಂಸ್ಥೆ ತನ್ನ ಹೆಸರನ್ನು ಉದ್ದಮಾಡಿಕೊಳ್ಳಲು ಏಕೆ ಬಯಸೀತು?

ಈ ಪಟ್ಟಿಗೆ ಒಂದು ವಿಚಿತ್ರ ಆಯುಷ್ಯ ದೊರೆಯಿತು. ಒಂದು ತಾಣದ ಗುಟ್ಟನ್ನು ಇನ್ನೊಂದು ತಾಣ ಓದದಂತೆ ಕಾಯಲು, ಯಾವ ಹಂತದವರೆಗೆ ಹೆಸರು ಸಾಮಾನ್ಯವಾದದ್ದು, ಎಲ್ಲಿಂದ ಬೇರೆ ಬೇರೆ ಒಡೆಯರದು ಎಂಬುದು ಬ್ರೌಸರುಗಳಿಗೆ ತಿಳಿದಿರಬೇಕು. ಇದಕ್ಕಾಗಿ ಮೊಜಿಲ್ಲಾದ ಆಶ್ರಯದಲ್ಲಿ ಸ್ವಯಂಸೇವಕರು ಒಂದು ಸಾರ್ವಜನಿಕ ಪಟ್ಟಿಯನ್ನು ಪಾಲಿಸುತ್ತಾರೆ. ‘.ಮ್ಯೂಸಿಯಂ’ನ ನೂರಾರು ಪದಗಳೂ ಅದರಲ್ಲಿ ಸೇರಿಕೊಂಡವು. ವಸ್ತುಸಂಗ್ರಹಾಲಯಗಳ ವಿಷಯಸೂಚಿಯೊಂದು ಲೋಕದ ಕೋಟಿಗಟ್ಟಲೆ ಕಂಪ್ಯೂಟರುಗಳಲ್ಲಿ, ಬಹುತೇಕ ಯಾರೂ ಓದದೆ, ವರ್ಷಗಟ್ಟಲೆ ಕುಳಿತಿತ್ತು. ನೀತಿ ಬದಲಾದ ಬಳಿಕ ಅವುಗಳನ್ನು ತೆಗೆದುಹಾಕಲಾಯಿತು. ಈಗ ಅಲ್ಲಿ ಉಳಿದಿರುವುದು ‘ಮ್ಯೂಸಿಯಂ’ ಎಂಬ ಒಂದೇ ಪದ.

ಆರಂಭದ ದಿನಗಳ ಇನ್ನೊಂದು ವ್ಯವಸ್ಥೆ ಮುಂದೆ ದೊಡ್ಡ ವಿವಾದಕ್ಕೆ ಉದಾಹರಣೆಯಾಯಿತು. ಇಲ್ಲದ ಹೆಸರನ್ನು ಟೈಪ್ ಮಾಡಿದರೆ ಸಾಮಾನ್ಯವಾಗಿ ಆ ಹೆಸರು ಇಲ್ಲವೆಂಬ ಉತ್ತರ ಬರಬೇಕು. ‘.ಮ್ಯೂಸಿಯಂ’ನಲ್ಲಿ ಹಾಗಾಗುತ್ತಿರಲಿಲ್ಲ. ತಪ್ಪು ಹೆಸರು ಬರೆದವನಿಗೆ ಆ ವಲಯದ ಹೆಸರುಗಳ ಸೂಚಿಯ ಪುಟ ಎದುರಾಗುತ್ತಿತ್ತು. ಮನೆ ತಪ್ಪಿ ಬಂದವನನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸದೆ ಊರಿನ ನಕ್ಷೆ ತೋರಿಸಿದಂತೆ. ‘.ಕಾಂ’ ಮತ್ತು ‘.ನೆಟ್’ಗಳನ್ನು ನಡೆಸುತ್ತಿದ್ದ ವೆರಿಸೈನ್ ಸಂಸ್ಥೆ 2003ರ ಸೆಪ್ಟೆಂಬರಿನಲ್ಲಿ ಇದೇ ತಂತ್ರವನ್ನು ಬಳಸಿ, ತಪ್ಪು ಹೆಸರು ಬರೆದವರನ್ನೆಲ್ಲ ತನ್ನ ಪುಟಕ್ಕೆ ಎಳೆಯತೊಡಗಿತು. ಅಂತರಜಾಲದ ಎಂಜಿನಿಯರುಗಳು ಕೆರಳಿದರು: ಇಲ್ಲದ ಹೆಸರು ‘ಇದೆ’ ಎಂದು ಉತ್ತರಿಸಿದರೆ ಅಂಚೆಯ ವ್ಯವಸ್ಥೆಯೂ ಕಳ್ಳಪತ್ರಗಳನ್ನು ತಡೆಯುವ ವ್ಯವಸ್ಥೆಯೂ ತಬ್ಬಿಬ್ಬಾಗುತ್ತವೆ. ಐಕ್ಯಾನ್ ಒತ್ತಾಯಿಸಿದ ಮೇಲೆ ಅಕ್ಟೋಬರ್ ಮೊದಲ ವಾರದಲ್ಲಿ ಅದು ನಿಂತಿತು. ಆಗಿನ ಚರ್ಚೆಯಲ್ಲಿ ‘.ಮ್ಯೂಸಿಯಂ’ನ ಹೆಸರೂ ಬಂತು. ಅದರ ಸೂಚಿಪುಟ ಒಪ್ಪಂದದಲ್ಲಿಯೇ ಒಪ್ಪಿತವಾಗಿತ್ತು, ಅದರ ಉದ್ದೇಶ ಜಾಹೀರಾತಾಗಿರಲಿಲ್ಲ. ಆದರೂ ಎಂಜಿನಿಯರುಗಳ ಆಕ್ಷೇಪ ಉದ್ದೇಶವನ್ನು ಕುರಿತದ್ದಲ್ಲ, ವಿಧಾನವನ್ನು ಕುರಿತದ್ದು. ಅವರ ವಾದ ಸರಿಯೆಂದೇ ಹೇಳಬೇಕು. ಕಾಲಾನಂತರದಲ್ಲಿ ‘.ಮ್ಯೂಸಿಯಂ’ ಕೂಡ ಅದನ್ನು ಕೈಬಿಟ್ಟಿತು.

ಹೆಸರಿನ ಉದ್ದವೇ ಒಂದು ತೊಡಕಾಯಿತೆಂಬುದು ಇನ್ನೂ ವಿನೋದದ ಸಂಗತಿ. ಉನ್ನತ ಡೊಮೇನಿನಲ್ಲಿ ಎರಡು ಅಥವಾ ಮೂರು ರೋಮನ್ ಅಕ್ಷರಗಳಿರುತ್ತವೆಂದು ನಂಬಿ ಬರೆದ ತಂತ್ರಾಂಶಗಳು ಆಗ ಎಲ್ಲೆಲ್ಲಿಯೂ ಇದ್ದವು. ಆರು ಅಕ್ಷರದ ‘ಮ್ಯೂಸಿಯಂ’ ಕಂಡೊಡನೆ ಅವು ಇಮೇಲ್ ವಿಳಾಸ ತಪ್ಪೆಂದು ತಿರಸ್ಕರಿಸುತ್ತಿದ್ದವು. ಅದನ್ನು ಸರಿಪಡಿಸಲು ಹೊರಟ ಪ್ರೋಗ್ರಾಮರುಗಳು ವಿಳಾಸ ಪರೀಕ್ಷಿಸುವ ಸೂತ್ರದಲ್ಲಿ ಎರಡಕ್ಷರದ ದೇಶಸಂಕೇತಗಳ ಬಳಿಕ ‘ಕಾಂ’, ‘ಆರ್ಗ್’, ‘ನೆಟ್’ ಎಂದು ಬರೆಯುತ್ತ ಹೋಗಿ ಕೊನೆಗೆ ‘ಮ್ಯೂಸಿಯಂ’ ಎಂದೂ ಸೇರಿಸುತ್ತಿದ್ದರು. ವಸ್ತುಸಂಗ್ರಹಾಲಯದ ಬಿರುದು ಪ್ರೋಗ್ರಾಮರುಗಳ ಸೂತ್ರಗಳಲ್ಲಿ ಸಿಕ್ಕಷ್ಟು ಸುಲಭವಾಗಿ ವಸ್ತುಸಂಗ್ರಹಾಲಯಗಳ ಕಾಗದಪತ್ರಗಳಲ್ಲಿ ಸಿಗಲಿಲ್ಲ.

ಬಿರುದನ್ನು ಸ್ಥಾಪಿಸಿದವರ ನಡೆಯನ್ನೇ ನೋಡಬಹುದು. ಐಕಾಮ್ ತನ್ನ ತಾಣವನ್ನು ‘ಐಕಾಮ್.ಮ್ಯೂಸಿಯಂ’ ಎಂದು ಮಾಡಿಕೊಂಡು ಇಂದಿಗೂ ಅದರಲ್ಲಿಯೇ ಇದೆ. ಜೊತೆಗೂಡಿ ಸಂಘ ಕಟ್ಟಿದ ಗೆಟ್ಟಿಯ ಪ್ರಧಾನ ವಿಳಾಸ ‘ಗೆಟ್ಟಿ.ಎಡು’ ಆಗಿಯೇ ಉಳಿದಿದೆ. ಸ್ಮಿತ್‌ಸೋನಿಯನ್ ‘.ಎಡು’ ಬಿಡಲಿಲ್ಲ. ಬ್ರಿಟಿಷ್ ಮ್ಯೂಸಿಯಂ ವಿಶ್ವವಿದ್ಯಾಲಯದ ಬಿಡಾರವನ್ನು ತೊರೆದಾಗ ಹೋಗಿ ಸೇರಿದ್ದು ‘.ಆರ್ಗ್’ಗೆ. ಇದರಲ್ಲಿ ಆಶ್ಚರ್ಯವಿಲ್ಲ. ಹೆಸರಾಂತ ಸಂಸ್ಥೆಗೆ ತಾನು ವಸ್ತುಸಂಗ್ರಹಾಲಯವೆಂಬ ಪ್ರಮಾಣಪತ್ರ ಬೇಕಾಗಿಲ್ಲ. ಪ್ರಮಾಣ ಬೇಕಾದದ್ದು ಚಿಕ್ಕ ಊರಿನ, ಯಾರಿಗೂ ಪರಿಚಯವಿಲ್ಲದ ಸಂಸ್ಥೆಗೆ. ಆದರೆ ಅಂತಹ ಸಂಸ್ಥೆಗೆ ಅರ್ಹತೆ ಸಾಧಿಸುವ ಕಾಗದದ ಹೊರೆಯೇ ಭಾರ. ದೊಡ್ಡವರು ಧರಿಸದ ಬಿರುದಿಗೆ ಚಿಕ್ಕವರ ಕಣ್ಣಿನಲ್ಲಿ ಹೊಳಪು ಕಡಿಮೆ. ಅಷ್ಟರಲ್ಲಿ ಹುಡುಕುಯಂತ್ರಗಳು ಬಲಿತು, ಓದುಗ ವಿಳಾಸವನ್ನು ನೋಡುವುದನ್ನೇ ಬಿಟ್ಟ.

ಐಕ್ಯಾನ್ 2012ರಲ್ಲಿ ಹೊಸ ಉನ್ನತ ಡೊಮೇನುಗಳಿಗೆ ವ್ಯಾಪಕವಾಗಿ ಬಾಗಿಲು ತೆರೆದಾಗ ಅರ್ಜಿಯ ಶುಲ್ಕ 1,85,000 ಡಾಲರಿಗೆ ಏರಿತ್ತು. ಬಂದ ಅರ್ಜಿಗಳು 1,930. ‘.ಆರ್ಟ್’, ‘.ಗ್ಯಾಲರಿ’ ಮೊದಲಾದವು ಬಂದವು. ಕಲೆಯ ಹೆಸರು ಹೊರಲು ಯಾವ ಮಂಡಳಿಯ ವ್ಯಾಖ್ಯೆಯೂ ಬೇಕಾಗಲಿಲ್ಲ. ಕೊನೆಗೆ 2018ರ ನೋಂದಣಿ ನೀತಿಯಲ್ಲಿ ‘.ಮ್ಯೂಸಿಯಂ’ನ ವ್ಯಾಪ್ತಿಯೂ ಹಿಗ್ಗಿತು. ವಸ್ತುಸಂಗ್ರಹಾಲಯಗಳು, ಅವುಗಳ ಸಂಘಗಳು ಮಾತ್ರವಲ್ಲದೆ ಆ ವೃತ್ತಿಯೊಡನೆ ನಂಟು ಅಥವಾ ಆಸಕ್ತಿ ಇರುವ ವ್ಯಕ್ತಿಗಳೂ ಹೆಸರು ಪಡೆಯಬಹುದಾಯಿತು. ಮೂರನೆಯ ಹಂತದ ಕಟ್ಟುಪಾಡೂ ಹೋಯಿತು. ಸಂಸ್ಥೆಗೆ ಕೊಡುತ್ತಿದ್ದ ಬಿರುದು ಅಭಿರುಚಿಯ ಗುರುತಾಗಿ ಮಾರ್ಪಟ್ಟಿತು.

ಬಾಗಿಲು ಸಡಿಲವಾದ ಸಮಯದಲ್ಲಿಯೇ ಅಳತೆಗೋಲೂ ಅಲುಗಾಡಿದ್ದು ಕಾಕತಾಳೀಯವಿರಬಹುದು, ಆದರೆ ಅರ್ಥಪೂರ್ಣ. ಐಕಾಮ್ 1946ರಲ್ಲಿ ಸ್ಥಾಪಿತವಾದಾಗ ಮಾಡಿದ ವ್ಯಾಖ್ಯೆ ಮೃಗಾಲಯಗಳನ್ನೂ ಸಸ್ಯೋದ್ಯಾನಗಳನ್ನೂ ಒಳಗೊಂಡಿತ್ತು. ಗ್ರಂಥಾಲಯಗಳನ್ನು, ಸ್ಥಾಯಿಯಾದ ಪ್ರದರ್ಶನಕೋಣೆ ಇಲ್ಲದಿದ್ದರೆ, ಹೊರಗಿಟ್ಟಿತ್ತು. ‘ಸಮಾಜದ ಸೇವೆ’ ಎಂಬ ಮಾತು 1974ರಲ್ಲಿ ಸೇರಿತು. ಕಣ್ಣಿಗೆ ಕಾಣುವ ವಸ್ತುವಿನ ಜೊತೆಗೆ ಅಮೂರ್ತ ಪರಂಪರೆ 2007ರಲ್ಲಿ ಸೇರಿತು. ಕ್ಯೋಟೋದಲ್ಲಿ 2019ರಲ್ಲಿ ಮಂಡಿಸಲಾದ ಕರಡು ವಸ್ತುಸಂಗ್ರಹಾಲಯವನ್ನು ಪ್ರಜಾಸತ್ತಾತ್ಮಕ, ಬಹುದನಿಯ ವಿಮರ್ಶಾತ್ಮಕ ಸಂವಾದದ ತಾಣವೆಂದು ಬಣ್ಣಿಸಿತು. ಇದು ವ್ಯಾಖ್ಯೆಯಲ್ಲ, ಆಶಯಪತ್ರ ಎಂದು ಅನೇಕರು ವಿರೋಧಿಸಿದರು. ಶೇಕಡಾ 70ಕ್ಕೂ ಹೆಚ್ಚು ಮತಗಳು ನಿರ್ಣಯವನ್ನು ಮುಂದೂಡಲು ಬಂದವು. ಮರುವರ್ಷ ಮಂಡಳಿಯ ಅಧ್ಯಕ್ಷೆ ಸುವಾಯ್ ಅಕ್ಸೊಯ್ ರಾಜೀನಾಮೆ ಕೊಟ್ಟರು. ಕರಡಿನ ಹಿಂದಿದ್ದ ಸಮಿತಿಯ ಮುಖ್ಯಸ್ಥೆ ಯೆಟ್ಟೆ ಸ್ಯಾಂಡಾಲ್ ಅವರೂ ಹೊರನಡೆದರು. ಪ್ರಾಗ್ ನಗರದಲ್ಲಿ 2022ರ ಆಗಸ್ಟ್ 24ರಂದು ಒಪ್ಪಿತವಾದ ಹೊಸ ವ್ಯಾಖ್ಯೆಗೆ ಶೇಕಡಾ 92.41ರಷ್ಟು ಮತ ದೊರೆಯಿತು. ಈಗಿನ ಪಾಠ ಹಳೆಯ ಕರ್ತವ್ಯಗಳನ್ನು ಉಳಿಸಿಕೊಂಡು ಎಲ್ಲರನ್ನೂ ಒಳಗೊಳ್ಳುವಿಕೆ, ವೈವಿಧ್ಯ, ಸಮುದಾಯಗಳ ಪಾಲ್ಗೊಳ್ಳುವಿಕೆ ಎಂಬ ಮಾತುಗಳನ್ನು ಸೇರಿಸಿದೆ. ವ್ಯಾಖ್ಯೆ ಹೀಗೆ ಕಾಲಕಾಲಕ್ಕೆ ಬದಲಾಗುವುದಾದರೆ, ಅದನ್ನು ನಂಬಿ ಕೊಟ್ಟ ಹೆಸರು ಯಾವ ಕಾಲದ ಅರ್ಥವನ್ನು ಹೊರಬೇಕು?

ಪದದ ಚರಿತ್ರೆಯೂ ಇಲ್ಲಿ ಸಮಾಧಾನ ಕೊಡುವುದಿಲ್ಲ. ಅಲೆಕ್ಸಾಂಡ್ರಿಯದ ‘ಮೌಸಿಯಾನ್’ ಕಲಾದೇವತೆಗಳ ಹೆಸರಿನಲ್ಲಿ ವಿದ್ವಾಂಸರು ಕೂಡಿ ಬಾಳುತ್ತಿದ್ದ ನೆಲೆ. ಪ್ರದರ್ಶನಕ್ಕಿಟ್ಟ ವಸ್ತುಗಳ ಮನೆಯಲ್ಲ. ಕೊಲ್ಕತ್ತದಲ್ಲಿ 1814ರಲ್ಲಿ ಆರಂಭವಾದ ಇಂಡಿಯನ್ ಮ್ಯೂಸಿಯಂ ಬಂಗಾಳಿಗಳ ಬಾಯಲ್ಲಿ ‘ಜಾದುಘರ್’. ಕನ್ನಡದ ‘ವಸ್ತುಸಂಗ್ರಹಾಲಯ’ ಎಂಬ ಸಮಾಸದಲ್ಲಿ ವಸ್ತುವಿದೆ, ಸಂಗ್ರಹವಿದೆ, ಆಲಯವಿದೆ. ನೋಡಲು ಬರುವ ಜನರಿಲ್ಲ. ಐಕಾಮ್‌ನ ವ್ಯಾಖ್ಯೆಯಲ್ಲಿ ಜನರಿಗೇ ಪ್ರಾಧಾನ್ಯ.

ಕ್ಯಾರಿ ಕಾರ್ಪ್ ಅವರ ಇನ್ನೊಂದು ಕೆಲಸವೆಂದು ಮೇಲೆ ಸೂಚಿಸಿದ್ದು ಕನ್ನಡಕ್ಕೂ ಸಂಬಂಧಿಸಿದ ಕ್ಷೇತ್ರಕ್ಕೆ ಸೇರಿದ್ದು. ರೋಮನ್ ಅಲ್ಲದ ಲಿಪಿಗಳ ಹೆಸರುಗಳಿಗೆ ಮೊದಮೊದಲು ಅವಕಾಶ ನೀಡಿದ ಉನ್ನತ ಡೊಮೇನುಗಳಲ್ಲಿ ‘.ಮ್ಯೂಸಿಯಂ’ ಒಂದು. ಲೋಕದ ವಸ್ತುಸಂಗ್ರಹಾಲಯಗಳು ಒಂದೇ ಲಿಪಿಯಲ್ಲಿ ತಮ್ಮ ಹೆಸರು ಬರೆಯುವುದಿಲ್ಲವಲ್ಲ. ಈ ಅನುಭವ ಕಾರ್ಪ್ ಅವರನ್ನು ಬಹುಲಿಪಿ ಹೆಸರುಗಳ ನಿಯಮರಚನೆಗೆ ಕರೆದೊಯ್ದಿತು. ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳ ಹೆಸರುಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧಿಕೃತ ನಿಯಮಗ್ರಂಥಕ್ಕೆ ಹರಾಲ್ಡ್ ಆಲ್ವೆಸ್ಟ್ರಾಂಡ್ ಅವರ ಜೊತೆ ಅವರೂ ಕರ್ತೃ.

ಅದೇ ವರ್ಷ ಅದರೊಡನೆ ಹೊರಬಂದ ನಿಯಮಗಳಲ್ಲಿ ಭಾರತೀಯ ಲಿಪಿಗಳಿಗೆ ಒಂದು ಪ್ರಯೋಜನವೂ ದೊರೆಯಿತು. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರವನ್ನು ಬಿಡಿಸಿ ಬರೆಯಲು ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಹಳೆಯ ನಿಯಮ ಆ ಚಿಹ್ನೆಯನ್ನು ಅಳಿಸಿಹಾಕುತ್ತಿತ್ತು. ಹೊಸದು ಹಲಂತದ ಬಳಿಕ ಅದನ್ನು ಉಳಿಸಿಕೊಳ್ಳಲು ಬಿಟ್ಟಿತು. ಲಿಪಿಯ ಇಂತಹ ಸೂಕ್ಷ್ಮ ಇಂದಿಗೂ ಕನ್ನಡದ ಪಠ್ಯಸಂಪಾದನೆಯ ವಿದ್ಯಾರ್ಥಿಗಳಿಗೆ ಅಭ್ಯಾಸದ ವಸ್ತುವಾಗಬಹುದಾದದ್ದು.

ಭಾರತದ ದೇಶಸಂಕೇತ ಈಗ ಕನ್ನಡ ಲಿಪಿಯಲ್ಲಿಯೂ ‘.ಭಾರತ’ ಎಂದು ಮೂಲವಲಯದಲ್ಲಿದೆ. ಬೆಂಗಳೂರಿನಲ್ಲಿ 1865ರಲ್ಲಿ ಎಡ್ವರ್ಡ್ ಬಾಲ್ಫೋರ್ ಅವರ ಮುತುವರ್ಜಿಯಿಂದ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯದಂತಹ ಹಳೆಯ ಸಂಸ್ಥೆಯಾಗಲಿ, ಊರಿನ ಶಾಸನ, ವೀರಗಲ್ಲುಗಳನ್ನು ಒಂದು ಕೋಣೆಯಲ್ಲಿ ಕೂಡಿಟ್ಟ ಹಳ್ಳಿಯ ಸಂಘವಾಗಲಿ ಅದರ ಅಡಿಯಲ್ಲಿ ಕನ್ನಡದ ಹೆಸರನ್ನು ಪಡೆಯಬಹುದು. ಅಲ್ಲಿ ಯಾವ ಮಂಡಳಿಯ ಅರ್ಹತಾಪರೀಕ್ಷೆಯೂ ಇಲ್ಲ. ಮೊದಲು ಕೇಳಿದವರಿಗೆ ಮೊದಲು. ‘ವಸ್ತುಸಂಗ್ರಹಾಲಯ.ಭಾರತ’ ಎಂಬ ಹೆಸರಿನ ಒಡೆತನವನ್ನು ನಿರ್ಣಯಿಸುವುದು ವ್ಯಾಖ್ಯೆಯಲ್ಲ, ಅರ್ಜಿ ತಲುಪಿದ ಗಳಿಗೆ.